ದೀಪದ ಬೆಳಕಿನಲ್ಲಿ ಇಂಟರ್ನೆಟ್: ಯಾರಿಗೆ ಬೇಕು, ಯಾರಿಗೆ ಬೇಡ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯವರು ಕಳೆದ ಮಳೆಗಾಲದಲ್ಲಿ ನನ್ನನ್ನು ರಕ್ಷಕ-ಶಿಕ್ಷಕ ಸಂಘದ ಸಭೆಗೆ ಕರೆದಿದ್ದರು. ಮೇಜಿನ ಮೇಲೆ ಒಂದು ದರಪಟ್ಟಿ ಇತ್ತು. ಕಂಪ್ಯೂಟರ್ ಕೋಣೆಯ ಟ್ಯೂಬ್‌ಲೈಟುಗಳನ್ನು ತೆಗೆದು ‘ಲೈಫೈ ದೀಪ’ಗಳನ್ನು, ಅಂದರೆ ಬೆಳಕಿನ ಮೂಲಕವೇ ಇಂಟರ್ನೆಟ್ ಕೊಡುವ ದೀಪಗಳನ್ನು, ಹಾಕಿಸಿಕೊಂಡರೆ ವೈಫೈಯೂ ಬೇಡ, ಕೇಬಲೂ ಬೇಡ, ವೇಗ ನೂರು ಪಟ್ಟು ಹೆಚ್ಚು ಎಂದು ಅದರಲ್ಲಿ ಬರೆದಿತ್ತು. ಹಳೆ ವಿದ್ಯಾರ್ಥಿಗಳು ಸೇರಿಸಿ ಕೊಟ್ಟ ಹಣ ಅದು; ಕೊಲ್ಲಿಯಲ್ಲಿ ದುಡಿಯುವವರು ಕಳುಹಿಸಿದ್ದೂ ಅದರಲ್ಲಿ ಸೇರಿತ್ತು. “ಹಾಕಿಸಬಹುದೋ ಬೇಡವೋ, ನೀವೇ ಹೇಳಿ” ಎಂದರು ಮುಖ್ಯೋಪಾಧ್ಯಾಯಿನಿ.

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆ, ಅಂಗಡಿ, ಶಾಲೆಗಳಲ್ಲಿ ಕೇಬಲ್ ಎಳೆದು ರೂಟರ್ ಕೂರಿಸುವುದು ನನ್ನ ಕಸುಬು. ಬೆಳಕಿನ ಮೂಲಕ ಮಾಹಿತಿ ಕಳುಹಿಸುವ ವಿದ್ಯೆಯ ಮೇಲೆ ನನಗೆ ಕಾಲೇಜಿನ ದಿನಗಳಿಂದಲೂ ಪ್ರೀತಿ. ಆದ್ದರಿಂದಲೇ ಆ ದರಪಟ್ಟಿಯನ್ನು ಓದಿ ಬೇಸರವಾಯಿತು. ವಿದ್ಯೆ ನಿಜವಾದದ್ದು, ಅದರ ಹೆಸರಿನಲ್ಲಿ ಕೊಟ್ಟ ಮಾತುಗಳಲ್ಲಿ ಹೆಚ್ಚಿನವು ಸುಳ್ಳು. ಅಂದು ಸಭೆಯಲ್ಲಿ ಹೇಳಿದ್ದನ್ನೂ, ಆಮೇಲೆ ಬೇರೆ ಬೇರೆ ಮಂದಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮನೆ, ಶಾಲೆ, ಆಸ್ಪತ್ರೆ, ಎರಡು ಗುಡ್ಡಗಳ ನಡುವಿನ ಬೈಲು, ಹೀಗೆ ನಿಮ್ಮ ಸ್ಥಳ ಯಾವುದೋ ಅದನ್ನು ನೋಡಿಕೊಂಡು ಆರಿಸಿಕೊಳ್ಳಿ.

ಬೆಳಕು ಮಾತಾಡುವ ಬಗೆ

ರಾತ್ರಿ ಯಕ್ಷಗಾನ ಮುಗಿಸಿ ಗುಡ್ಡ ಇಳಿದು ಬರುವವರು ಸೂಟೆ ಹಿಡಿದು ಬರುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಒಣಗಿದ ತೆಂಗಿನ ಗರಿಯ ಆ ಪಂಜನ್ನು ಬೀಸಿದರೆ ಉರಿ ಏಳುತ್ತದೆ, ನಿಲ್ಲಿಸಿದರೆ ಕುಗ್ಗುತ್ತದೆ. ಆಚೆ ಬದಿಯ ಮನೆಯಂಗಳದಲ್ಲಿ ನಿಂತವರಿಗೆ ‘ಬಂದೆವು’ ಎಂದು ತಿಳಿಸಲು ಅಷ್ಟು ಸಾಕಾಗುತ್ತಿತ್ತು. ಎಲ್ಇಡಿ ದೀಪ ಮಾಡುವುದೂ ಇದನ್ನೇ, ಆದರೆ ಸೆಕೆಂಡಿಗೆ ಲಕ್ಷಾಂತರ ಸಲ. ಉರಿದರೆ ಒಂದು, ತಗ್ಗಿದರೆ ಸೊನ್ನೆ. ಸೆಕೆಂಡಿಗೆ 200 ಸಲಕ್ಕಿಂತ ವೇಗವಾಗಿ ನಡೆಯುವ ಮಿನುಗನ್ನು ನಮ್ಮ ಕಣ್ಣು ಗುರುತಿಸುವುದಿಲ್ಲ. ನಮಗೆ ಕಾಣುವುದು ಸ್ಥಿರವಾದ ಬೆಳಕು. ಎದುರಿಗಿರುವ ಫೋಟೋಡಯೋಡ್ ಎಂಬ ಪುಟ್ಟ ಬಿಲ್ಲೆ ಆ ಏರಿಳಿತವನ್ನು ವಿದ್ಯುತ್ತಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುತ್ತದೆ.

ಇದು ಹೊಸ ಕಲ್ಪನೆಯೂ ಅಲ್ಲ. 1880ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಒಂದು ಶಾಲೆಯ ಮಾಡಿನಿಂದ 213 ಮೀಟರ್ ದೂರದ ಕಿಟಕಿಗೆ ಬಿಸಿಲಿನ ಮೂಲಕ ಮಾತು ಕಳುಹಿಸಿದರು. ಮಾತಿಗೆ ಅದುರುವ ತೆಳು ಕನ್ನಡಿ ಒಂದು ಕಡೆ, ಬೆಳಕಿಗೆ ತಕ್ಕಂತೆ ವಿದ್ಯುತ್ತನ್ನು ಹರಿಯಬಿಡುವ ಸೆಲೆನಿಯಂ ಇನ್ನೊಂದು ಕಡೆ. ಟೆಲಿಫೋನಿಗಿಂತಲೂ ದೊಡ್ಡ ಸಾಧನೆ ಇದೇ ಎಂದು ಬೆಲ್ ನಂಬಿದ್ದರು. ಮೋಡ ಮುಸುಕಿದರೆ ಮಾತು ನಿಲ್ಲುತ್ತಿತ್ತು, ಹಾಗಾಗಿ ಲೋಕ ಅದನ್ನು ಬದಿಗಿಟ್ಟಿತು. ಬಿಳಿ ಎಲ್ಇಡಿ ಮನೆಮನೆಗೆ ಬಂದ ಮೇಲೆ ಅದೇ ಕಲ್ಪನೆಗೆ ಮತ್ತೆ ಜೀವ ಬಂದಿತು. ಎಡಿನ್‌ಬರೊ ವಿಶ್ವವಿದ್ಯಾಲಯದ ಹೆರಾಲ್ಡ್ ಹಾಸ್ 2011ರಲ್ಲಿ ಒಂದು ಮೇಜಿನ ದೀಪದಿಂದ ವೀಡಿಯೊ ಕಳುಹಿಸಿ ತೋರಿಸಿ ಅದಕ್ಕೆ ಲೈಫೈ ಎಂದು ಹೆಸರಿಟ್ಟರು. ಅದೇ ವರ್ಷ ಗೋಚರ ಬೆಳಕಿನ ಸಂವಹನಕ್ಕೆ ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯ ಮೊದಲ ಮಾನಕ (ತಯಾರಕರೆಲ್ಲ ಅನುಸರಿಸುವ ನಿಯಮಾವಳಿ) 802.15.7 ಬಂದಿತು.

ದರಪಟ್ಟಿಯಲ್ಲಿ ಇಲ್ಲದ ನಾಲ್ಕು ಸಂಗತಿಗಳು

ಮೊದಲನೆಯದು, ನಮ್ಮ ಮಾಮೂಲಿ ಬಿಳಿ ದೀಪ ಅವಸರದ ಕೆಲಸಕ್ಕೆ ಒಗ್ಗುವುದಿಲ್ಲ. ಅದರೊಳಗಿರುವುದು ನೀಲಿ ಎಲ್ಇಡಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಎಂಬ ವಸ್ತುವಿನ ಲೇಪ ನೀಲಿಯ ಒಂದು ಪಾಲನ್ನು ಹೀರಿ ಹಳದಿಯಾಗಿ ಬಿಡುತ್ತದೆ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ನೀಲಿ ಆರಿದರೂ ಲೇಪ ತಟಕ್ಕನೆ ಆರುವುದಿಲ್ಲ. ಹಾಗಾಗಿ ಮಿನುಗಿನ ವೇಗ ಕೆಲವೇ ಮೆಗಾಹರ್ಟ್ಸ್‌ಗೆ (ಸೆಕೆಂಡಿಗೆ ಹತ್ತು ಲಕ್ಷ ಸಲ ಎಂದರೆ ಒಂದು ಮೆಗಾಹರ್ಟ್ಸ್) ನಿಂತುಬಿಡುತ್ತದೆ. ಬೆಳಕನ್ನು ಹಿಡಿಯುವ ಗ್ರಾಹಕದ (ರಿಸೀವರಿನ) ಮುಂದೆ ನೀಲಿ ಸೋಸುಗಾಜನ್ನಿಟ್ಟು ಹಳದಿಯನ್ನು ತಡೆದರೆ ಅದು 20 ಮೆಗಾಹರ್ಟ್ಸ್‌ನ ಆಸುಪಾಸಿಗೆ ಏರುತ್ತದೆ. ಸೆಕೆಂಡಿಗೆ 3 ಗಿಗಾಬಿಟ್ ದಾಟಿದ ಪ್ರಯೋಗಗಳನ್ನು ಜಾಹೀರಾತುಗಳು ಎತ್ತಿ ಹೇಳುತ್ತವೆ. ಆ ಪ್ರಯೋಗದಲ್ಲಿ ಬಳಸಿದ್ದು ಕೂದಲೆಳೆಯಷ್ಟು ಅಗಲದ ವಿಶೇಷ ಎಲ್ಇಡಿ. ಬೆಳಕು ಸಾಗಿದ ದೂರ ಕೆಲವೇ ಸೆಂಟಿಮೀಟರ್. ತಾರಸಿಯಿಂದ ಮೇಜಿಗೆ ಇರುವುದು ಎರಡು ಮೀಟರಿಗೂ ಹೆಚ್ಚು.

ಎರಡನೆಯದು, ದೀಪಕ್ಕೂ ಕೇಬಲ್ ಬೇಕು. ಇಂಟರ್ನೆಟ್ ದೀಪದಲ್ಲಿ ಹುಟ್ಟುವುದಿಲ್ಲ. ಫೈಬರ್ ಬಂದು ಇಳಿಯುವ ಪೆಟ್ಟಿಗೆಯಿಂದ ಪ್ರತಿಯೊಂದು ದೀಪಕ್ಕೂ ಒಂದು ದತ್ತಾಂಶದ ತಂತಿ ಹೋಗಬೇಕು. ಒಂದೇ ತಂತಿಯಲ್ಲಿ ವಿದ್ಯುತ್ತನ್ನೂ ಮಾಹಿತಿಯನ್ನೂ ಕಳುಹಿಸುವ ಪಿಓಇ ಎಂಬ ಪದ್ಧತಿ ಇದೆ, ಅಚ್ಚುಕಟ್ಟಾದದ್ದು. ಆದರೂ ತಂತಿ ತಂತಿಯೇ. ಪೇಟೆಯಲ್ಲಿ ನೂರು ರೂಪಾಯಿಗೆ ಸಿಗುವ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿದರೆ ಲೈಫೈ ಆಗುವುದಿಲ್ಲ. ಅದರೊಳಗಿನ ಚಾಲಕ ಮಂಡಲ (ಡ್ರೈವರ್ ಸರ್ಕ್ಯೂಟ್) ಆ ವೇಗದಲ್ಲಿ ಬೆಳಕನ್ನು ಕುಣಿಸಲಾರದು.

ಮೂರನೆಯದು, ನಿಮ್ಮ ಮೊಬೈಲಿಗೆ ಈ ಬೆಳಕನ್ನು ಓದಲು ಬರುವುದಿಲ್ಲ. ಕಂಪ್ಯೂಟರಿಗಾಗಲಿ ಫೋನಿಗಾಗಲಿ ಯುಎಸ್‌ಬಿ ಗ್ರಾಹಕವೊಂದನ್ನು ಬೇರೆಯಾಗಿ ಕೊಂಡು ಸಿಕ್ಕಿಸಬೇಕು. ಹಿಂದಕ್ಕೆ ಕಳುಹಿಸುವ ದಾರಿಯೂ ಬೇಕಲ್ಲ? ಫೋನಿನಿಂದ ತಾರಸಿಯತ್ತ ಬಿಳಿ ಬೆಳಕು ಉಗುಳಿದರೆ ಕಣ್ಣಿಗೆ ಹಿಂಸೆ. ಅದಕ್ಕಾಗಿ ಮೇಲಕ್ಕೆ ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಬಳಸುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಟಿವಿ ರಿಮೋಟಿನ ಜಾತಿಯದು.

ನಾಲ್ಕನೆಯದು ವೇಗದ ಮಾತು. ವೈಫೈ ಕುಟುಂಬದ ಮಾನಕಗಳಿಗೆ 2023ರಲ್ಲಿ 802.11ಬಿಬಿ ಎಂಬ ಬೆಳಕಿನ ಮಾನಕ ಸೇರಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 9.6 ಗಿಗಾಬಿಟ್. ಈಗ ಅಂಗಡಿಗಳಲ್ಲಿ ಸಿಗುವ ವೈಫೈ 6ರ ಕಾಗದದ ಮೇಲಿನ ಗರಿಷ್ಠವೂ 9.6 ಗಿಗಾಬಿಟ್ಟೇ. ನೂರು ಪಟ್ಟು ಎಲ್ಲಿಂದ ಬಂದಿತು? ಇನ್ನೂ ಒಂದು: ಆ ಮಾನಕ ಬಳಸುವುದು 800ರಿಂದ 1000 ನ್ಯಾನೋಮೀಟರ್ ಅಲೆಯುದ್ದವನ್ನು, ಅಂದರೆ ಅವಕೆಂಪನ್ನು. ಆ ಮಾನಕದ ಲೈಫೈ ಉಪಕರಣ ಕೋಣೆಯನ್ನು ಬೆಳಗುವ ದೀಪವಲ್ಲ. ದೀಪದ ಪಕ್ಕದಲ್ಲಿ ತಾರಸಿಗೆ ಅಂಟಿದ ಒಂದು ಪೆಟ್ಟಿಗೆ. ಒಂದು ಲೆಕ್ಕಕ್ಕೆ ಅದು ಒಳ್ಳೆಯದೇ, ದೀಪ ಆರಿಸಿ ಮಲಗಿದರೂ ಸಂಪರ್ಕ ಕಡಿಯುವುದಿಲ್ಲ. ಆದರೆ ‘ನಿಮ್ಮ ದೀಪವೇ ಇಂಟರ್ನೆಟ್’ ಎಂಬ ಮಾತು ಅಲ್ಲಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಬೆಳಕಿನ ಬಗ್ಗೆ ನನಗೇನೋ ತಕರಾರಿದೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ಬೆಳಕಿಗೆ ರೇಡಿಯೋ ತರಂಗಕ್ಕಿಲ್ಲದ ಒಂದು ಗುಣವಿದೆ: ಅದು ಗೋಡೆಯಲ್ಲಿ ನಿಲ್ಲುತ್ತದೆ. ಈ ಗುಣ ಬೇಕಾದ ಜಾಗದಲ್ಲಿ ಅದಕ್ಕೆ ಸಮನಾದದ್ದು ಬೇರೊಂದಿಲ್ಲ. ಬೇಡದ ಜಾಗದಲ್ಲಿ ಅದೇ ಗುಣ ಕಾಟ. ಆಯ್ಕೆ ಮಾಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮಾಹಿತಿ ಗೋಡೆ ದಾಟಬೇಕೋ, ಗೋಡೆಯೊಳಗೇ ಇರಬೇಕೋ?

ಅಡಿಕೆ ತೋಟದ ನಡುವಿನ ಮನೆ

ಇಲ್ಲಿ ದಾಟಬೇಕು. ನಮ್ಮ ಹಳೆಯ ಮನೆಗಳ ಗೋಡೆ ಮುರಕಲ್ಲಿನದು, ಒಂದು ಅಡಿ ದಪ್ಪಕ್ಕೆ ಕಡಿಮೆಯಿಲ್ಲ. ಚಾವಡಿಯಲ್ಲಿಟ್ಟ ರೂಟರಿನ ಸಂಕೇತ ಎರಡು ಗೋಡೆ ದಾಟಿ ಅಡುಗೆ ಕೋಣೆ ಸೇರುವಾಗ ಸೊರಗಿಹೋಗಿರುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಹೀರಿದಾಗ ಇನ್ನಷ್ಟು. “ವೈಫೈಯೇ ದಾಟುವುದಿಲ್ಲ, ಬೆಳಕಾದರೆ ಆದೀತೇ?” ಎಂದು ಪೆರ್ಲದ ಕಡೆಯ ಒಬ್ಬ ಹಿರಿಯರು ಕೇಳಿದರು. ಆಗುವುದಿಲ್ಲ. ಬೆಳಕಿಗೆ ಒಂದು ಪರದೆಯೇ ಸಾಕು ತಡೆಯಲು. ಲೈಫೈ ಹಾಕುವುದಾದರೆ ಚಾವಡಿಗೊಂದು, ಅಡುಗೆ ಕೋಣೆಗೊಂದು, ಮಾಳಿಗೆಗೊಂದು ಎಂದು ಹಾಕುತ್ತಾ ಹೋಗಬೇಕು. ಕೋಣೆಯಿಂದ ಕೋಣೆಗೆ ಫೋನು ಹಿಡಿದು ನಡೆದರೆ ಬಾಗಿಲ ಬಳಿ ಕರೆ ಕಡಿದುಹೋಗುತ್ತದೆ.

ಇಂತಹ ಮನೆಗೆ ನಾನು ಮಾಡಿಕೊಡುವುದು ಹೀಗೆ: ಫೈಬರ್ ಇಳಿದ ಜಾಗದಿಂದ ಮನೆಯ ಇನ್ನೊಂದು ತುದಿಗೆ ಒಂದು ಇಥರ್ನೆಟ್ ಕೇಬಲ್ ಎಳೆದು, ಅಲ್ಲಿ ಎರಡನೆಯ ವೈಫೈ ಪೆಟ್ಟಿಗೆ ಇಡುವುದು. 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಗೋಡೆಯನ್ನು ಅದು ಒಂದಿಷ್ಟು ಭೇದಿಸುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಫೋನಿಗೂ ಟಿವಿಗೂ 5, ಹಟ್ಟಿಯ ಹತ್ತಿರದ ಕ್ಯಾಮೆರಾಕ್ಕೆ 2.4 ಎಂದು ಇಟ್ಟುಕೊಳ್ಳಿ. ಪೇಟೆಯ ವಸತಿ ಸಮುಚ್ಚಯದಲ್ಲಿ 2.4ರ ಒಂದಕ್ಕೊಂದು ತಾಗದ ಮೂರೇ ಚಾನೆಲುಗಳಿಗೆ ಇಪ್ಪತ್ತು ಮನೆಯವರು ಜಗಳಾಡಬೇಕಾಗುತ್ತದೆ. ತೋಟದ ಮನೆಗೆ ಆ ತೊಂದರೆ ಇಲ್ಲ, ನೆರೆಮನೆಯೇ ಅರ್ಧ ಫರ್ಲಾಂಗು ದೂರ. ವೈಫೈಯ ದೊಡ್ಡ ದೌರ್ಬಲ್ಯ ಗದ್ದಲ. ಅದು ನಿಮ್ಮಲ್ಲಿ ಇಲ್ಲದಿರುವಾಗ ಅದಕ್ಕೆ ಮದ್ದಾದ ಲೈಫೈಗೆ ಹಣ ಕೊಡುವುದು ಯಾಕೆ?

ತೋಟದೊಳಗಿನ ತೇವಾಂಶ ಅಳೆಯುವ ಉಪಕರಣ, ನೀರಿನ ಪಂಪಿನ ನಿಯಂತ್ರಣ ಇವಕ್ಕೆ ವೈಫೈಯೂ ಸರಿಯಾದ ಆಯ್ಕೆಯಲ್ಲ. ಗಂಟೆಗೊಮ್ಮೆ ನಾಲ್ಕು ಅಂಕಿ ಕಳುಹಿಸುವ ಕೆಲಸಕ್ಕೆ 865–868 ಮೆಗಾಹರ್ಟ್ಸ್ ಪಟ್ಟಿಯ ನಿಧಾನ ರೇಡಿಯೋ ಉತ್ತಮ. ಅದಕ್ಕೆ ಪರವಾನಗಿ ಬೇಡ, ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ, ಅಡಿಕೆ ಮರಗಳ ನಡುವೆಯೂ ನುಸುಳುತ್ತದೆ.

ಸಿಡಿಲಿನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ರೂಟರುಗಳನ್ನು ಕೊಲ್ಲುವುದು ಅದೇ. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು, ಮತ್ತೆ ಅಕ್ಟೋಬರ್–ನವೆಂಬರಿನ ತುಲಾ ಮಳೆ. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಒಂದೊಂದು ಋತುವಿಗೆ ಮನೆಯೊಂದರಲ್ಲಿ ಎರಡು ಮೋಡೆಮ್ ಸುಟ್ಟದ್ದನ್ನು ಕಂಡಿದ್ದೇನೆ. ಫೈಬರಿನ ಗಾಜಿನೆಳೆಯಲ್ಲಿ ಹರಿಯುವುದು ಬೆಳಕು, ಅದು ಸಿಡಿಲಿನ ವಿದ್ಯುತ್ತನ್ನು ಒಳಗೆ ತರುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲುಗಳಲ್ಲಿ ಬಲಕ್ಕಾಗಿ ಒಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಕರೆಂಟಿನ ಪ್ಲಗ್ಗನ್ನಂತೂ ಗುಡುಗು ಶುರುವಾಗುವ ಮೊದಲೇ ಕಿತ್ತಿಡಿ. ತಾರಸಿಯ ತುಂಬ ಕೇಬಲ್ ಹರಡಿ ದೀಪಗಳಿಗೆ ಜೋಡಿಸಿದ ಲೈಫೈ ವ್ಯವಸ್ಥೆಯನ್ನು ಹೀಗೆ ಒಂದೇ ಕೈಯಲ್ಲಿ ಕಿತ್ತಿಡಲು ಆಗುವುದಿಲ್ಲ.

ಶಾಲೆಯ ಕಂಪ್ಯೂಟರ್ ಕೋಣೆ

ಸಭೆಯಲ್ಲಿ ನಾನು ಹೆಚ್ಚು ಹೊತ್ತು ತೆಗೆದುಕೊಂಡದ್ದು ಇದಕ್ಕೆ. ಆ ಕೋಣೆಯ ಕಂಪ್ಯೂಟರುಗಳು ಮೇಜು ಬಿಟ್ಟು ಕದಲುವುದಿಲ್ಲ. ಕದಲದ ಯಂತ್ರಕ್ಕೆ ನಿಸ್ತಂತು ಸಂಪರ್ಕವೇ ಬೇಡ, ಅದು ಬೆಳಕಿನದಾಗಲಿ ರೇಡಿಯೋದ್ದಾಗಲಿ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆ, ಪ್ರತಿ ಮೇಜಿಗೆ ಒಂದು ಕೇಬಲ್; ಸೆಕೆಂಡಿಗೆ 1000 ಮೆಗಾಬಿಟ್ ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕವಾಗಿ ಸಿಗುತ್ತದೆ. ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಶಾಲೆಯ ಕೋಣೆಯಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಇಲಿ ಕಚ್ಚದಂತೆ ಕೊಳವೆಯೊಳಗೆ ಹಾಕಿದರೆ ಹತ್ತು ಹದಿನೈದು ವರ್ಷ ತಿರುಗಿ ನೋಡಬೇಕಾಗಿಲ್ಲ.

ಲೈಫೈಯಾದರೆ ಒಂದು ದೀಪದ ಕೆಳಗಿನ ಎಲ್ಲ ಮಕ್ಕಳೂ ಆ ದೀಪದ ವೇಗವನ್ನು ಹಂಚಿಕೊಳ್ಳಬೇಕು. ಒಂದು ಮಗು ಗ್ರಾಹಕದ ಮೇಲೆ ಕೈಯಿಟ್ಟರೆ, ಪುಸ್ತಕ ಒರಗಿಸಿದರೆ ನೆರಳು ಬಿದ್ದು ಸಂಪರ್ಕ ಹೋಗುತ್ತದೆ. ಪೂರ್ವದ ಕಿಟಕಿಯಿಂದ ಬಿಸಿಲು ನೇರವಾಗಿ ಬಿದ್ದರೆ ಇನ್ನೊಂದು ಸಂಕಟ. ಓದುವ ಮೇಜಿಗೆ ಬೇಕಾದ ಬೆಳಕು 300ರಿಂದ 500 ಲಕ್ಸ್. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಆ ಪ್ರವಾಹದ ನಡುವೆ ದೀಪದ ಸಣ್ಣ ಮಿನುಗನ್ನು ಹೆಕ್ಕಿ ತೆಗೆಯುವುದು ಗ್ರಾಹಕಕ್ಕೆ ಕಷ್ಟದ ಕೆಲಸ. ಜೊತೆಗೆ, ಪ್ರತಿ ಯಂತ್ರಕ್ಕೂ ಒಂದು ಗ್ರಾಹಕ ಕೊಳ್ಳಬೇಕು, ಅದು ಕೆಟ್ಟರೆ ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ತಟ್ಟನೆ ಸಿಗುವ ವಸ್ತುವಲ್ಲ. ಕೇಬಲಿನ ತುದಿಯ ಪ್ಲಗ್ಗು ಬದಿಯಡ್ಕದ ಪೇಟೆಯಲ್ಲೇ ಸಿಗುತ್ತದೆ, ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅದನ್ನು ಒತ್ತಿ ಕೂರಿಸಲು ಅರ್ಧ ಗಂಟೆಯಲ್ಲಿ ಕಲಿಸಿದ್ದೇನೆ. ಅಧ್ಯಾಪಕರ ಕೋಣೆಗೂ ಸಭಾಂಗಣಕ್ಕೂ ಒಂದೊಂದು ವೈಫೈ ಪೆಟ್ಟಿಗೆ ಸಾಕು.

ಕೆಫೋನ್ ಎಂಬ ಕೇರಳದ ಸರಕಾರಿ ಫೈಬರ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು; ಸರಕಾರಿ ಕಚೇರಿ, ಶಾಲೆ, ಬಡ ಕುಟುಂಬಗಳಿಗೆ ಸಂಪರ್ಕ ಕೊಡುವುದು ಅದರ ಉದ್ದೇಶ. ನಿಮ್ಮ ಶಾಲೆಗೆ ಅದು ತಲುಪಿದೆಯೋ ಎಂದು ಮೊದಲು ವಿಚಾರಿಸಿ. ಹೊರಗಿನ ಸಂಪರ್ಕ ಸೆಕೆಂಡಿಗೆ 50 ಮೆಗಾಬಿಟ್ ಇರುವಾಗ ಕೋಣೆಯೊಳಗೆ ಗಿಗಾಬಿಟ್ ದೀಪ ಹಾಕಿದರೆ ಯಾವ ಮಗುವಿಗೂ ಪಾಠ ಬೇಗ ತೆರೆಯುವುದಿಲ್ಲ.

ಆಸ್ಪತ್ರೆ: ಬೆಳಕು ಗೆಲ್ಲುವ ಜಾಗ

ನಮ್ಮಲ್ಲಿ ದೊಡ್ಡ ಕಾಯಿಲೆ ಎಂದರೆ ಗಡಿ ದಾಟಿ ಮಂಗಳೂರಿಗೆ ಓಡುವುದು ವಾಡಿಕೆ. ಅಲ್ಲಿ ಎಂಆರ್‌ಐ ಕೋಣೆಯನ್ನು ಹೊರಗಿನಿಂದ ನೋಡಿದವರು ಹಲವರಿದ್ದೀರಿ. ಆ ಯಂತ್ರ ದೇಹದೊಳಗಿನ ಹೈಡ್ರೋಜನ್ ಪರಮಾಣುಗಳಿಂದ ಬರುವ ಬಹಳ ಕ್ಷೀಣವಾದ ರೇಡಿಯೋ ದನಿಯನ್ನು ಆಲಿಸುತ್ತದೆ, 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಸುಮಾರು 128. ಹೊರಗಿನ ರೇಡಿಯೋ ಒಳಗೆ ನುಗ್ಗದಂತೆ ಗೋಡೆ, ನೆಲ, ಬಾಗಿಲು ಎಲ್ಲಕ್ಕೂ ತಾಮ್ರದ ಹೊದಿಕೆ ಹಾಕಿರುತ್ತಾರೆ. ಹಾಗಾಗಿ ವೈಫೈ ಒಳಗೆ ಹೋಗುವುದಿಲ್ಲ. ಒಳಗೇ ವೈಫೈ ಇಟ್ಟರೆ ಅದರ ವಿದ್ಯುನ್ಮಂಡಲ ಹೊರಡಿಸುವ ಗದ್ದಲದ ಭಯ. ಬೆಳಕಿಗೆ ಈ ನಿರ್ಬಂಧ ಇಲ್ಲ. ಗಾಜಿನೆಳೆಯಲ್ಲಿ ಒಳಗೆ ತಂದು ಬೆಳಕಾಗಿಯೇ ಚೆಲ್ಲಿದರೆ ರೋಗಿಯ ನಾಡಿ, ಆಮ್ಲಜನಕದ ಅಂಕಿಗಳನ್ನು ತಂತಿಯಿಲ್ಲದೆ ಹೊರಗಿನ ವೈದ್ಯರಿಗೆ ತೋರಿಸಬಹುದು. ಅಯಸ್ಕಾಂತಕ್ಕೆ ಸೆಳೆಯಲ್ಪಡದ ವಸ್ತುಗಳಿಂದಲೇ ಆ ಉಪಕರಣವನ್ನು ಮಾಡಿರಬೇಕು, ಅದನ್ನು ಮರೆಯಬಾರದು.

ಗುಟ್ಟು ಕಾಯಬೇಕಾದ ಜಾಗಗಳೂ ಇದೇ ಪಟ್ಟಿಗೆ ಸೇರುತ್ತವೆ: ಬ್ಯಾಂಕಿನ ಒಳಕೋಣೆ, ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಕೋಣೆ, ರೋಗಿಗಳ ದಾಖಲೆ ತೆರೆಯುವ ಕಂಪ್ಯೂಟರ್. ವೈಫೈಯನ್ನು ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತವನೂ ಆಲಿಸಬಲ್ಲ, ಗೂಢಲಿಪಿ ಇರುವುದರಿಂದ ಅವನಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ ಅಷ್ಟೆ. ಬೆಳಕನ್ನಾದರೆ ಬಾಗಿಲು ಮುಚ್ಚಿ, ಕಿಟಕಿಗೆ ದಪ್ಪ ಪರದೆ ಎಳೆದು ಒಳಗೇ ಇರಿಸಬಹುದು. ಪರದೆ ಎಳೆಯದಿದ್ದರೆ ಗಾಜು ಬೆಳಕನ್ನು ಹೊರಗೆ ಬಿಡುತ್ತದೆ ಎಂಬುದೂ ನೆನಪಿರಲಿ. ದೂರದರ್ಶಕಕ್ಕೆ ಫೋಟೋಡಯೋಡ್ ಜೋಡಿಸಿಕೊಂಡವನಿಗೆ ಅಷ್ಟು ಸಾಕು. ಬೆಳಕನ್ನು ಹಾಕಿಸಿದರೂ ಗೂಢಲಿಪಿಯನ್ನು ಬಿಡಬೇಡಿ.

ಇಂತಹ ಸ್ಥಳಕ್ಕೆ ನಿಜವಾಗಿಯೂ ಲೈಫೈ ಕೊಳ್ಳುವವರು ಮಾರುವವರ ಬಳಿ ಕೇಳಬೇಕಾದದ್ದು: ದೀಪದಿಂದ ಕೆಳಗಿನ ಯಂತ್ರಕ್ಕೆ ಇಳಿಯುವ ದಾರಿ ಗೋಚರ ಬೆಳಕೋ ಅವಕೆಂಪೋ? ಯಾವ ಮಾನಕ? 802.11ಬಿಬಿಯೋ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.9991 ಮಾನಕವೋ, ಅಥವಾ ಅವರದೇ ಸ್ವಂತದ್ದೋ? ಸ್ವಂತದ್ದಾದರೆ ಆ ಕಂಪನಿ ಮುಚ್ಚಿದ ದಿನ ನಿಮ್ಮ ದೀಪ ಬರೀ ದೀಪವಾಗುತ್ತದೆ. ಬೆಳಕನ್ನು ಮಂದಗೊಳಿಸಿದಾಗ ವೇಗ ಎಷ್ಟಕ್ಕೆ ಇಳಿಯುತ್ತದೆ? ಒಂದು ದೀಪದ ಕೆಳಗಿಂದ ಇನ್ನೊಂದರ ಕೆಳಗೆ ನಡೆದಾಗ ಕರೆ ಉಳಿಯುತ್ತದೆಯೇ? ಇವನ್ನು ಕಾಗದದಲ್ಲಿ ಓದಿ ತೃಪ್ತರಾಗಬೇಡಿ. ನಿಮ್ಮ ಕೋಣೆಯಲ್ಲೇ, ನಿಮ್ಮ ಕಿಟಕಿ ತೆರೆದಿಟ್ಟು, ತೋರಿಸಲು ಹೇಳಿ.

ಬೈಲಿನ ಆಚೆ ಬದಿಗೆ

ಎರಡು ಗುಡ್ಡಗಳ ಮೇಲೆ ಎರಡು ಮನೆ, ನಡುವೆ ಗದ್ದೆ, ತೋಡು, ಅಡಿಕೆ ತೋಟ. ಆಚೆಗೆ ಫೈಬರ್ ಬಂದಿದೆ, ಈಚೆಗೆ ಕಂಬವಿಲ್ಲ. ಎಣ್ಮಕಜೆ, ಬಾಯಾರು, ದೇಲಂಪಾಡಿಯ ಕಡೆ ಇದು ಸಾಮಾನ್ಯ. ಕೋಣೆಯ ದೀಪ ಇಲ್ಲಿ ಕೆಲಸಕ್ಕೆ ಬಾರದು; ಅದರ ಬೆಳಕು ಸುತ್ತ ಚೆಲ್ಲಿ ದೂರದ ವರ್ಗಕ್ಕೆ ಅನುಗುಣವಾಗಿ ಕುಂದುತ್ತದೆ. ಕಿರಿದಾದ ಲೇಸರ್ ಕಿರಣ ಬೇಕು.

ಲೇಸರ್ ಕಿರಣದ ಸಂಪರ್ಕ ದೂರದ ಕನಸಲ್ಲ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಪ್ರಯೋಗ ವಿಭಾಗ 2017ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶದ ಸರಕಾರಿ ಫೈಬರ್ ಸಂಸ್ಥೆಯೊಂದಿಗೆ 2000 ಲೇಸರ್ ಸಂಪರ್ಕಗಳ ಒಪ್ಪಂದವನ್ನು ಪ್ರಕಟಿಸಿತ್ತು. ಅದೇ ತಂಡ, ಈಗ ತಾರಾ ಎಂಬ ಹೆಸರಿನದು, ಆಫ್ರಿಕದ ಕಾಂಗೋ ನದಿಯ ಎರಡು ದಡಗಳ ರಾಜಧಾನಿಗಳಾದ ಬ್ರಾಜವಿಲ್ ಮತ್ತು ಕಿನ್ಶಾಸದ ನಡುವೆ 4.8 ಕಿಲೋಮೀಟರ್ ಅಗಲದ ಪ್ರವಾಹದ ಮೇಲಿನಿಂದ ಇಂತಹ ಕಿರಣ ಹಾಯಿಸಿ 2021ರಲ್ಲಿ ವಿವರಗಳನ್ನು ಹೊರಗಿಟ್ಟಿತು. ಆ ಕಿರಣ ಅವಕೆಂಪು, ಕಣ್ಣಿಗೆ ಕಾಣುವುದಿಲ್ಲ. ಕಾಣದಿರುವುದರಿಂದಲೇ ಅಪಾಯವೂ ಇದೆ: ಕಣ್ಣು ತಾನಾಗಿ ರೆಪ್ಪೆ ಮುಚ್ಚುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾರೂ ಬಿಡಿಭಾಗ ಕೊಂಡು ಲೇಸರ್ ಸಂಪರ್ಕ ಕಟ್ಟಲು ಹೊರಡಬೇಡಿ.

ಇಂತಹ ಕಿರಣದ ಕಡುವೈರಿ ಮಂಜು. ಮಳೆ ಹನಿ ದೊಡ್ಡದು, ಅಲ್ಲಲ್ಲಿ ಬೀಳುತ್ತದೆ. ಮಂಜಿನ ಕಣ ಬೆಳಕಿನ ಅಲೆಯುದ್ದಕ್ಕೆ ಹತ್ತಿರದ ಗಾತ್ರದ್ದು, ಲೆಕ್ಕವಿಲ್ಲದಷ್ಟು ತುಂಬಿಕೊಂಡು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ರಾಣಿಪುರಂ, ಪಾಣತ್ತೂರಿನ ಕಡೆಯ ಎತ್ತರದ ಜಾಗಗಳಲ್ಲಿ ಮುಂಜಾವಿನ ಮಂಜು ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಕಂಬ ಗಾಳಿಗೆ ಒಂದಿಷ್ಟು ಓಲಾಡಿದರೂ ಸೂಜಿಯಂತಹ ಕಿರಣ ಗುರಿ ತಪ್ಪುತ್ತದೆ. ಅದನ್ನು ಸರಿಪಡಿಸುವ ಚಲಿಸುವ ಕನ್ನಡಿಗಳಿಗೇ ದೊಡ್ಡ ಬೆಲೆ.

ಹಾಗಾದರೆ ಬೈಲಿನ ಆಚೆಯ ಮನೆಗೆ ಏನು? 5 ಗಿಗಾಹರ್ಟ್ಸ್‌ನ ದಿಕ್ಕು ಹಿಡಿದು ಕಳುಹಿಸುವ ಜೋಡಿ ಆಂಟೆನಾ. ಒಂದು ಬದಿಯ ಮಾಡಿನ ಮೇಲೆ ಒಂದು, ಇನ್ನೊಂದು ಬದಿಯಲ್ಲಿ ಇನ್ನೊಂದು, ಒಂದನ್ನೊಂದು ಕಾಣುವಂತೆ. ಒಂದೆರಡು ಕಿಲೋಮೀಟರ್ ಅದಕ್ಕೆ ಸಲೀಸು. ಈ ಪಟ್ಟಿಯ ಹೊರಾಂಗಣ ಬಳಕೆಗೂ 2018ರಲ್ಲಿ ಕೇಂದ್ರ ಸರಕಾರ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ, ನಿಗದಿತ ಶಕ್ತಿ ಮೀರಬಾರದು ಅಷ್ಟೆ. ನಮ್ಮ ಜಡಿಮಳೆಗೂ ಅದು ಜಗ್ಗುವುದಿಲ್ಲ. ಅದಕ್ಕೆ ಅಡ್ಡ ಬರುವುದು ಬೆಳೆಯುವ ಮರ: ತೆಂಗಿನ ಹಸಿ ಗರಿಯೊಳಗಿನ ನೀರು ರೇಡಿಯೋವನ್ನು ಹೀರುತ್ತದೆ. ಆಂಟೆನಾ ಕೂರಿಸುವಾಗ ಈಗಿನ ಮರದ ಎತ್ತರಕ್ಕೆ ಐದು ವರ್ಷದ ಬೆಳವಣಿಗೆಯನ್ನೂ ಸೇರಿಸಿಕೊಳ್ಳಿ. ಇದನ್ನು ಮರೆತು ಒಂದು ಮನೆಗೆ ಎರಡನೆಯ ಸಲ ಕಂಬ ನೆಡಿಸಿದ್ದೇನೆ.

ಕಡಲ ತೀರದವರಿಗೆ ಎರಡೇ ಸಾಲು. ಉಪ್ಪುನೀರಿನೊಳಗೆ ವೈಫೈ ಒಂದು ಮೀಟರೂ ಸಾಗದು. ಶಬ್ದ ಕಿಲೋಮೀಟರುಗಟ್ಟಲೆ ಸಾಗುತ್ತದೆ, ಆದರೆ ಸೆಕೆಂಡಿಗೆ ಸುಮಾರು 1500 ಮೀಟರಿನ ನಡಿಗೆ, ಒಯ್ಯುವ ಮಾಹಿತಿಯೂ ಅತ್ಯಲ್ಪ. ನೀಲಿ–ಹಸಿರು ಬೆಳಕು ತಿಳಿನೀರಿನಲ್ಲಿ ಹತ್ತಾರು ಮೀಟರ್ ದೂರಕ್ಕೆ ವೀಡಿಯೊವನ್ನೇ ಒಯ್ಯಬಲ್ಲದು, ಮಳೆಗಾಲದಲ್ಲಿ ಹೊಳೆಯ ಕೆಸರು ಸೇರಿದ ಮಂಜೇಶ್ವರದ ಕಡಲಿನಲ್ಲಿ ಮಾತ್ರ ಕೆಲವು ಮೀಟರಿಗೇ ಮಂಕಾಗುತ್ತದೆ.

ವೇಗ ಬೇಡ, ಜಾಗ ತಿಳಿದರೆ ಸಾಕು ಎನ್ನುವವರಿಗೆ ಗೋಚರ ಬೆಳಕಿನದೇ ಇನ್ನೊಂದು ಉಪಯೋಗವಿದೆ. ಫ್ರಾನ್ಸಿನ ಲಿಲ್ ನಗರದ ಒಂದು ದೊಡ್ಡ ಮಾರಾಟ ಮಳಿಗೆಯಲ್ಲಿ 2015ರಲ್ಲಿ ಫಿಲಿಪ್ಸ್ ಕಂಪನಿ ಹಾಕಿದ ದೀಪಗಳು ತಮ್ಮ ತಮ್ಮ ಗುರುತನ್ನು ಮಿನುಗುತ್ತಿದ್ದವು. ಗಿರಾಕಿಯ ಫೋನಿನ ಕ್ಯಾಮೆರಾ ಅದನ್ನು ಓದಿ ಬೇಕಾದ ಸಾಮಾನು ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತಿತ್ತು. ಇದಕ್ಕೆ ಬೇರೆ ಗ್ರಾಹಕವೇ ಬೇಡ. ನಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಒಂದೊಂದು ಯಕ್ಷಗಾನ ಕಿರೀಟದ ಮೇಲಿನ ದೀಪ ಅದರ ಕಥೆಯನ್ನು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಫೋನಿಗೆ ತಲುಪಿಸುವುದನ್ನು ನಾನು ಮನಸ್ಸಿನಲ್ಲೇ ಕಟ್ಟಿ ನೋಡಿದ್ದೇನೆ. ಬೆಳಕಿಗೆ ಹಣ ಹಾಕುವುದಾದರೆ ನಾನು ಅಲ್ಲಿ ಹಾಕಿಯೇನು.

ಶಾಲೆಯವರು ಕೊನೆಗೆ ಮಾಡಿದ್ದು

ಕಂಪ್ಯೂಟರ್ ಕೋಣೆಗೆ ಕೇಬಲ್ ಬಂದಿತು. ದರಪಟ್ಟಿಯನ್ನು ಹಿಂದಿರುಗಿಸಿದರು. ಆದರೆ ಲೈಫೈಯನ್ನು ಕಣ್ಣಾರೆ ನೋಡಬೇಕೆಂದು ಮಕ್ಕಳು ಹಟ ಹಿಡಿದರು, ಆ ಹಟ ನನಗೂ ಹಿಡಿಸಿತು. ಅದಕ್ಕೆ ಬೇಕಾದದ್ದು ಒಂದು 9 ವೋಲ್ಟ್ ಬ್ಯಾಟರಿ, ಒಂದು ಬಿಳಿ ಎಲ್ಇಡಿ, 330 ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಹಳೆಯ ಇಯರ್‌ಫೋನಿನ ತಂತಿ, ಕೆಟ್ಟುಹೋದ ಸೋಲಾರ್ ದೀಪದಿಂದ ಬಿಚ್ಚಿದ ಪುಟ್ಟ ಫಲಕ, ಹೊರಗಿನ ಹಾಡಿನ ತಂತಿ ಸಿಕ್ಕಿಸುವ ಆಕ್ಸ್ ತೂತಿರುವ ಒಂದು ಸ್ಪೀಕರ್. ಬ್ಯಾಟರಿ, ರೆಸಿಸ್ಟರ್, ಎಲ್ಇಡಿ ಸಾಲಾಗಿ. ಫೋನಿನ ಹಾಡಿನ ತಂತಿಯನ್ನು ಕೆಪಾಸಿಟರಿನ ಮೂಲಕ ಎಲ್ಇಡಿಯ ಧನ ತುದಿಗೆ, ಅದರ ಇನ್ನೊಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೆ ಜೋಡಿಸಿ. ಸೋಲಾರ್ ಫಲಕದ ಎರಡು ತಂತಿಗಳು ಸ್ಪೀಕರಿಗೆ. ಫೋನಿನಲ್ಲಿ ಚೆಂಡೆಯ ಪೆಟ್ಟು ಹಾಕಿ ಬೆಳಕನ್ನು ಫಲಕಕ್ಕೆ ಹಿಡಿದರೆ ಸ್ಪೀಕರ್ ನುಡಿಯುತ್ತದೆ. ನಡುವೆ ಕೈ ಅಡ್ಡ ಹಿಡಿದರೆ ಸುಮ್ಮನಾಗುತ್ತದೆ. ಫಲಕವನ್ನು ಹಳೆಯ ಟ್ಯೂಬ್‌ಲೈಟಿಗೆ ತೋರಿಸಿದರೆ ಗುಂಯ್ ಎನ್ನುವ ದನಿ ಕೇಳಿಸುತ್ತದೆ. 50 ಹರ್ಟ್ಸ್ ವಿದ್ಯುತ್ತಿಗೆ ದೀಪ ಸೆಕೆಂಡಿಗೆ 100 ಸಲ ಏರಿಳಿಯುವ ಸದ್ದು ಅದು. ಟಿವಿ ರಿಮೋಟ್ ಒತ್ತಿದರೆ ಟರ್ರ್ ಎನ್ನುತ್ತದೆ, ಕಣ್ಣಿಗೆ ಕಾಣದ ಬೆಳಕೂ ಕಿವಿಗೆ ಬೀಳುತ್ತದೆ. ಟ್ಯೂಬ್‌ಲೈಟಿನ ಗದ್ದಲ ಹೆಚ್ಚಾದರೆ ಫಲಕದ ಸುತ್ತ ಕಪ್ಪು ಕಾಗದದ ಕೊಳವೆ ಸುತ್ತಿ.

ಬೆಲ್ ಮಾಡಿದ್ದನ್ನೂ ಮಾಡಿ ನೋಡಬೇಕೆಂದು ಏಳನೆಯ ತರಗತಿಯವರು ಬೇಡಿದರು. ಅದಕ್ಕೆ ಬಿಸಿಲು ಬೇಕು, ಆಟಿ ತಿಂಗಳಲ್ಲಿ ಬಿಸಿಲೆಲ್ಲಿ? ಸೋಣ ಬರುವವರೆಗೆ ಕಾದೆವು. ಕಾಗದದ ಲೋಟದ ತಳ ಕತ್ತರಿಸಿ, ಅಲ್ಲಿಗೆ ಬಲೂನಿನ ತುಂಡು ಬಿಗಿದು, ಅದರ ಮೇಲೆ ಉಗುರಿನಷ್ಟು ಅಗಲದ ತೆಳು ಕನ್ನಡಿ ಅಂಟಿಸಿದೆವು. ಒಬ್ಬಳು ಲೋಟದ ಬಾಯಿಗೆ ಬಾಯಿಟ್ಟು ಗಟ್ಟಿಯಾಗಿ ಮಗ್ಗಿ ಹೇಳಿದಳು. ಕನ್ನಡಿ ಎಸೆದ ಬಿಸಿಲಿನ ಚುಕ್ಕೆ ಹದಿನೈದು ಹೆಜ್ಜೆ ಆಚೆ ಹಿಡಿದಿದ್ದ ಸೋಲಾರ್ ಫಲಕದ ಮೇಲೆ ನಡುಗಿತು. ಜಗಲಿಯ ಸ್ಪೀಕರಿನಿಂದ ಒಡಕು ದನಿಯಲ್ಲಿ ಏಳೇಳು ನಲವತ್ತೊಂಬತ್ತು ಕೇಳಿಸಿತು. ಏಳೆಂಟರ ಹೊತ್ತಿಗೆ ಮೋಡ ಬಂದು ದನಿ ನಿಂತಿತು, ಮೋಡ ಸರಿಯುವವರೆಗೆ ಮಕ್ಕಳೆಲ್ಲ ಆಕಾಶ ನೋಡುತ್ತ ನಿಂತರು.